ನಾನು ಕೇಳುವ ಹಾಡುಗಳು

(ಹಣ್ಣು ಕೊಯ್ಲು ಮುಗಿದ ಮೇಲೆ ನೆಂಟರನ್ನು ನೋಡಲು ಕೊರ್ತಾಲಿಮಿಗೆ ಬಂದಿದ್ದ ತೋಟದ ಕುಟುಂಬಗಳ ಹಾಗೂ ಇಲ್ಲಿನ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ಯೂನಿಯನ್ ವಿಷಯ ಎತ್ತಬೇಡ, ಉಪದೇಶವೂ ಬೇಡ, ನೀನು ಯಾವಾಗಲೂ ಕಿವಿಗೆ ಸಿಕ್ಕಿಸಿಕೊಂಡಿರುತ್ತೀಯಲ್ಲ, ಆ ಹಾಡುಗಳ ಬಗ್ಗೆ ಎರಡು ಮಾತು ಹೇಳು ಎಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಭಾನುವಾರ ಮಕ್ಕಳಿಗೆ ಪಾಠ ಹೇಳುವಾಗಲೂ, ಹಾಜರಿ ಪುಸ್ತಕ ಹಿಡಿದು ಕಾರ್ಮಿಕರ ಮನೆ ಮನೆ ತಿರುಗುವಾಗಲೂ ನನ್ನ ಮಾತಿಗೆ ಆಕಳಿಸುವವರು ಇದ್ದಾರೆ. ಹಾಡಿನ ಮಾತಿಗಾದರೂ ಎಚ್ಚರವಾಗಿರುತ್ತಾರೋ ನೋಡೋಣ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಸಂಗೀತ ಕಲಿತವನಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿದವನು. ರಾಗದ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಆದರೆ ಕೇಳುವುದಕ್ಕೆ ಪರೀಕ್ಷೆ ಪಾಸಾಗಬೇಕಿಲ್ಲವಷ್ಟೆ.

ನೀವು ಪಣಜಿ ಕಡೆಯಿಂದ ಬರುವಾಗ ದಾಟಿದ ದೊಡ್ಡ ಸೇತುವೆಯ ಕೆಳಗೆ ಹರಿಯುವುದು ಜುವಾರಿ ಹೊಳೆ. ಹಳೆಯ ಸೇತುವೆ 1983ರಲ್ಲಿ ತೆರೆಯಿತು. ಹೊಸದರ ಒಂದು ಭಾಗ 2022ರ ಡಿಸೆಂಬರಿನಲ್ಲಿ, ಇನ್ನೊಂದು 2023ರ ಡಿಸೆಂಬರಿನಲ್ಲಿ ತೆರೆದವು. ಇವು ಯಾವುವೂ ಇಲ್ಲದ ಕಾಲದಲ್ಲಿ ಈ ದಡದ ಕೊರ್ತಾಲಿಮಿನಿಂದ ಆ ದಡದ ಆಗಶಿಗೆ ದೋಣಿಯಲ್ಲಿ, ಫೆರಿಯಲ್ಲಿ ದಾಟಬೇಕಿತ್ತು. ಅದಕ್ಕೇ ಏನೋ, ಇಲ್ಲಿಗೆ ಬಂದ ಮೇಲೆ ನನ್ನ ಮನಸ್ಸಿಗೆ ಹತ್ತಿದ ಮೊದಲ ಕೊಂಕಣಿ ಹಾಡು ಹೊಳೆ ದಾಟುವ ಹಾಡೇ ಆಗಿತ್ತು. ಅದು ದೆಖ್ಣಿ ಎಂಬ ಜಾತಿಯ ಹಳೆಯ ಹಾಡು. ಕುಣಿಯುವ ಹೆಣ್ಣೊಬ್ಬಳು ದಾಮೂ ಎಂಬವನ ಮದುವೆಗೆ ಹೋಗಬೇಕು. ದಾರಿ ಗೊತ್ತಿಲ್ಲ, ಹೊಳೆ ಅಡ್ಡ ಇದೆ. ಅಂಬಿಗನನ್ನು ಬೇಡುತ್ತಾಳೆ. ಮೈಮೇಲಿನ ಒಡವೆ ಕೊಡುತ್ತೇನೆ, ದಾಟಿಸು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ. ಇಷ್ಟೇ ಕಥೆ. ಆ ಹೊಳೆ ಇದೇ ಹೊಳೆಯೆಂದು ನಾನು ಹೇಳುವುದಿಲ್ಲ. ಆದರೆ ಈ ದಂಡೆಯಲ್ಲಿ ನಿಂತು ಕೇಳಿದರೆ ಬೇರೆ ಹೊಳೆ ಕಣ್ಣಿಗೆ ಬರುವುದಿಲ್ಲ.

ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ, ಅದಕ್ಕಿಂತ ಹಿರಿಯರಿಗೆ ಈ ಧಾಟಿ ಗೊತ್ತು. 1973ರಲ್ಲಿ ಬಂದ 'ಬಾಬಿ' ಎಂಬ ಹಿಂದಿ ಚಿತ್ರದಲ್ಲಿ ಲಕ್ಷ್ಮೀಕಾಂತ್ ಪ್ಯಾರೇಲಾಲ್ ಈ ಧಾಟಿಯನ್ನೇ ತಂದು ಒಂದು ಹಾಡು ಕಟ್ಟಿದರು. ಆ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗುರು ಸಾಲ್ಸೆಟ್ ತಾಲೂಕಿನ ಮಜೋರ್ಡಾ ಊರಿನ ಆಂಥೊನಿ ಗೊನ್ಸಾಲ್ವಿಸ್. 1977ರ 'ಅಮರ್ ಅಕ್ಬರ್ ಆಂಥೊನಿ' ಚಿತ್ರದಲ್ಲಿ ಅಮಿತಾಬ್ ಬಚ್ಚನ್ ದೊಡ್ಡ ಮೊಟ್ಟೆಯಿಂದ ಹೊರಬಂದು ಹೆಸರು ಹೇಳಿಕೊಂಡು ಕುಣಿಯುತ್ತಾರಲ್ಲ, ಆ ಹೆಸರು ಯಾರೋ ಬರೆದ ಕಲ್ಪನೆಯ ಹೆಸರೆಂದು ನಾವೆಲ್ಲ ತಿಳಿದಿದ್ದೆವು. ಅದು ಶಿಷ್ಯನು ಗುರುವಿಗೆ ಸಲ್ಲಿಸಿದ ಕಾಣಿಕೆ. ಹಾಡು ದೇಶವೆಲ್ಲ ಸುತ್ತಿತು. ಗುರು 2012ರಲ್ಲಿ ತೀರಿಕೊಂಡಾಗ ಸುದ್ದಿ ಎಷ್ಟು ಮಂದಿಗೆ ತಲುಪಿತು?

ಹೀಗೆ ಹೆಸರಿಲ್ಲದೆ ದುಡಿದ ಗೋವೆಯವರು ಒಬ್ಬಿಬ್ಬರಲ್ಲ. ಶಂಕರ್ ಜೈಕಿಶನ್ ಅವರ ಹಾಡುಗಳಲ್ಲಿ ಸಾಲು ಸಾಲು ಪಿಟೀಲುಗಳು ಏರಿ ಇಳಿಯುತ್ತವಲ್ಲ, ಯಾವ ವಾದ್ಯ ಎಲ್ಲಿ ಸೇರಬೇಕು ಎಂದು ಬರೆದುಕೊಟ್ಟವರು ಸೆಬಾಸ್ಟಿಯನ್ ಡಿಸೋಜಾ. ಅವರೂ ಗೋವೆಯವರೇ. ಇವರಿಗೆಲ್ಲ ಈ ವಿದ್ಯೆ ಎಲ್ಲಿಂದ ಬಂತು ಎಂದು ಇಲ್ಲಿನ ಹಿರಿಯರನ್ನು ಕೇಳಿದರೆ ಇಗರ್ಜಿಯ ಕಡೆ ಬೆರಳು ತೋರಿಸುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಪ್ರತಿ ದೊಡ್ಡ ಇಗರ್ಜಿಗೂ ಒಂದು ಶಾಲೆ ಇರುತ್ತಿತ್ತು. ಅಲ್ಲಿ ಮೇಸ್ತ್ರಿ ಎಂದು ಒಬ್ಬರು. ನಮ್ಮ ತೋಟದ ಮೇಸ್ತ್ರಿ ಬೇರೆ, ಈ ಮೇಸ್ತ್ರಿ ಬೇರೆ, ಹೆದರಬೇಡಿ. ಇವರು ಮಕ್ಕಳಿಗೆ ಸ್ವರ ಓದುವುದನ್ನು, ಪಿಟೀಲು ಹಿಡಿಯುವುದನ್ನು ಕಲಿಸುತ್ತಿದ್ದರು. ಹೊಟ್ಟೆಪಾಡಿಗೆ ಗೋವೆ ಬಿಟ್ಟು ಬೊಂಬಾಯಿಗೆ ಹೋದ ಮಕ್ಕಳ ಕೈಯಲ್ಲಿ ಆ ಸ್ವರ ಓದುವ ವಿದ್ಯೆ ಇತ್ತು. ಸಿನಿಮಾ ಕಂಪನಿಗಳಿಗೆ ಬೇಕಾಗಿದ್ದದ್ದೂ ಅದೇ. ಅವರೂ ನಮ್ಮ ಹಾಗೆ ಊರು ಬಿಟ್ಟ ಕೂಲಿಗಳೇ. ದಿನದ ಲೆಕ್ಕದಲ್ಲಿ ಬಟವಾಡೆ ತೆಗೆದುಕೊಂಡವರೇ. ನಾನು ಯೂನಿಯನ್ ವಿಷಯ ಎತ್ತುವುದಿಲ್ಲ ಎಂದಿದ್ದೆ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಇನ್ನು ನಮ್ಮ ಕಡೆಯ ಮಾತು. ನಾನು ಹುಟ್ಟಿದ್ದು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಲೈನಿನಲ್ಲಿ. ಹತ್ತು ಮನೆಗೆ ಒಂದು ರೇಡಿಯೊ. ಅದಕ್ಕೆ ಸೆಲ್ ಹಾಕುವ ದುಡ್ಡು ಸಂತೆಯ ದಿನ ಉಳಿದರೆ ಮಾತ್ರ. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾದದ್ದು, ಮಂಗಳೂರಿನದು 1976ರಲ್ಲಿ. ಮಳೆಗಾಲದಲ್ಲಿ ಒಂದು ಕೇಳಿಸದಿದ್ದರೆ ಇನ್ನೊಂದು ಕೇಳಿಸುತ್ತಿತ್ತು. ಸೆಲ್ ಮುಗಿಯುತ್ತ ಬಂದಾಗ ಅದನ್ನು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರು. ಪಿ.ಬಿ. ಶ್ರೀನಿವಾಸರ ದನಿ ಆಗ ನಿಧಾನವಾಗಿ ಕೆಳಗಿಳಿದು, ನಿದ್ದೆ ಬಂದವರ ಹಾಗೆ ಆಗಿ, ನಿಂತುಬಿಡುತ್ತಿತ್ತು. ಲೈನಿನ ಅಜ್ಜಿ ಒಬ್ಬರು ಮುಂದಿನ ಸಾಲನ್ನು ತಾವೇ ಹೇಳಿ ಮುಗಿಸುತ್ತಿದ್ದರು.

ಪಿ.ಬಿ. ಶ್ರೀನಿವಾಸರ ಮಾತು ಬಂದಿದ್ದರಿಂದ ಹೇಳುತ್ತೇನೆ. ಎಷ್ಟೋ ಮಕ್ಕಳಿಗೆ ಡಾ. ರಾಜಕುಮಾರ್ ಮೊದಲಿನಿಂದಲೂ ತಾವೇ ಹಾಡುತ್ತಿದ್ದರು ಎಂಬ ಭಾವನೆ ಇದೆ. ಹಾಗಲ್ಲ. 1972ರ 'ಬಂಗಾರದ ಮನುಷ್ಯ'ದಲ್ಲಿ ಅವರ ಬಾಯಿಂದ ಬರುವ ಹಾಡುಗಳು ಪಿ.ಬಿ. ಶ್ರೀನಿವಾಸರವು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆಯೇ ರಾಜಕುಮಾರ್ ಒಂದೇ ಸಮನೆ ಹಾಡತೊಡಗಿದ್ದು. ಅದು ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡು, ಗೊತ್ತಲ್ಲ! ಎರಡೂ ದನಿಗಳನ್ನು ನಾನು ಈಗ ಫೋನಿನಲ್ಲಿ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳುತ್ತೇನೆ. ನನ್ನ ಅಭಿಪ್ರಾಯ ಕೇಳಿದರೆ, ಸಮಾಧಾನ ಹೇಳುವ ಹಾಡಿಗೆ ಪಿ.ಬಿ.ಯವರೇ. ಅವರ ದನಿ ಪಕ್ಕದಲ್ಲಿ ಕುಳಿತವನ ದನಿ. ರಾಜಕುಮಾರರದು ಎದ್ದು ನಿಂತವನ ದನಿ. ನಮ್ಮ ಮನೆಯವಳು ಇದನ್ನು ಒಪ್ಪುವುದಿಲ್ಲ. ಅದು ನಮ್ಮಲ್ಲಿ ಬಗೆಹರಿಯದ ವ್ಯಾಜ್ಯ.

ಆಮೇಲೆ ಕ್ಯಾಸೆಟ್ ಬಂತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಧಾಟಿ ಕಟ್ಟಿದ 'ನಿತ್ಯೋತ್ಸವ' 1978ರಲ್ಲಿ ಬಂದಾಗ, ಅದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಆಗಿತ್ತು. ಅದಕ್ಕೂ ಮೊದಲು ಉಡುಪಿ ಕಡೆಯ ಪಿ. ಕಾಳಿಂಗರಾಯರು ಊರೂರು ತಿರುಗಿ ಕವಿಗಳ ಹಾಡನ್ನು ಜನರ ಬಾಯಿಗೆ ಹಾಕಿದವರು. ಓದಲು ಬಾರದ ಕೂಲಿಯವರಿಗೂ ಕುವೆಂಪು, ಬೇಂದ್ರೆ ತಲುಪಿದ್ದು ಹೀಗೆ ಹಾಡುಗಾರರ ಬೆನ್ನೇರಿ. ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಹೆಚ್ಚು ನಡೆದದ್ದು ಶಿಶುನಾಳ ಶರೀಫರ ಕ್ಯಾಸೆಟ್. ಶರೀಫರು 1819ರಿಂದ 1889ರವರೆಗೆ ಬದುಕಿದವರು, ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾದವರು. ಮಳೆಗೆ ಸೋರುವ ಮನೆ, ಕೋಳಿ, ಕುಂಬಳಕಾಯಿ ಇಂಥವನ್ನೇ ಹಿಡಿದು ದೇವರ ತನಕ ಹೋಗುವವರು. ಲೈನಿನ ಹೆಂಚು ಒಡೆದು ಮಳೆ ಸೋರುವಾಗ ಆ ಸೋರುವ ಮನೆಯ ಹಾಡನ್ನು ಬೇರೆಯವರು ವೇದಾಂತವೆಂದು ಕೇಳಿದರೆ ನಾವು ನಿಜ ಸಂಗತಿಯೆಂದೇ ಕೇಳಿದೆವು. ಸಿ. ಅಶ್ವತ್ಥರು ಅದನ್ನು ಎದೆ ತುಂಬ ಉಸಿರು ತೆಗೆದು ಹಾಡುವಾಗ ರೈಟರ ಬಂಗಲೆಯ ತನಕ ಕೇಳಿಸಬೇಕು ಎಂದು ನಾವು ಹುಡುಗರು ಟೇಪ್‌ರೆಕಾರ್ಡರಿನ ಕಿವಿ ತಿರುಗಿಸುತ್ತಿದ್ದೆವು. 1990ರಲ್ಲಿ ಶರೀಫರ ಮೇಲೆ ನಾಗಾಭರಣರ ಸಿನಿಮಾ ಬಂತು. ಅದರ ಸಂಗೀತವೂ ಅಶ್ವತ್ಥರದೇ. ಅವರು 2009ರ ಡಿಸೆಂಬರ್ 29ರಂದು ತೀರಿಕೊಂಡರು. ಅವರು ಹುಟ್ಟಿದ ದಿನವೂ ಅದೇ.

ಈಗ ಸ್ವಲ್ಪ ಕಷ್ಟದ ಮಾತು. ಇಲ್ಲಿ ಕೊರ್ತಾಲಿಮ್, ವೆರ್ಣಾ, ಜುವಾರಿನಗರ, ವಾಸ್ಕೊ ಕಡೆ ದುಡಿಯುವ ಕನ್ನಡದವರ ಮಕ್ಕಳ ಸಂಗತಿ. ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಬಂದವರು. ಘಟ್ಟದ ತೋಟದಿಂದ ಬಂದ ನಮ್ಮಂಥವರು ಕಡಿಮೆ. ಆದರೆ ಇಲ್ಲಿಯವರ ಕಣ್ಣಿಗೆ ನಾವೆಲ್ಲ ಒಂದೇ, 'ಘಾಟಿ'ಗಳು. ಘಟ್ಟದ ಮೇಲಿನವರು ಎಂದಷ್ಟೇ ಅದರ ಅರ್ಥ. ಅರ್ಥದಲ್ಲಿ ಕೆಟ್ಟದ್ದೇನಿಲ್ಲ. ಹೇಳುವ ದನಿಯಲ್ಲಿ ಇದೆ. ಹಾಡು ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮಾತನ್ನು ಎರಡು ಶ್ರುತಿಯಲ್ಲಿ ಹೇಳಿದರೆ ಎರಡು ಮಾತಾಗುತ್ತದೆ.

ನನ್ನ ಭಾನುವಾರದ ಪಾಠಕ್ಕೆ ಬರುವ ಹುಡುಗಿಯೊಬ್ಬಳಿದ್ದಾಳೆ. ಎಂಟನೇ ತರಗತಿ. ಕೊಂಕಣಿ ಹಾಡುಗಳನ್ನು ಎಷ್ಟು ಚೆನ್ನಾಗಿ ಹಾಡುತ್ತಾಳೆಂದರೆ ಇಗರ್ಜಿಯ ಗಾಯನ ಮಂಡಳಿಯಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅವಳ ತಾಯಿ ಕಟ್ಟಡದ ಕೆಲಸಕ್ಕೆ ಹೋಗುವವರು, ಜೋಳದ ರೊಟ್ಟಿ ತಟ್ಟುವಾಗ ಊರಿನ ಹಾಡು ಹೇಳಿಕೊಳ್ಳುತ್ತಾರೆ. ಒಂದು ದಿನ ಶಾಲೆಯ ಗೆಳತಿಯರು ಮನೆಗೆ ಬಂದಾಗ ಈ ಹುಡುಗಿ ಒಳಗೆ ಹೋಗಿ ತಾಯಿಯ ಬಾಯಿಗೆ ಕೈ ಇಟ್ಟಳಂತೆ. 'ಅವ್ವಾ, ಅವರು ಹೋಗೂ ತನಕಾ ಹಾಡಬ್ಯಾಡ' ಅಂದಳಂತೆ. ತಾಯಿ ಇದನ್ನು ನನಗೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಹುಡುಗಿಯನ್ನು ಬೈಯಲೂ ಮನಸ್ಸು ಬರಲಿಲ್ಲ. ಅವಳು ನಾಳೆ ಅದೇ ಬೆಂಚಿನಲ್ಲಿ ಅದೇ ಮಕ್ಕಳ ಪಕ್ಕ ಕುಳಿತುಕೊಳ್ಳಬೇಕಲ್ಲ.

ಕೊಂಕಣಿ ಕಲಿಯಬೇಡಿ ಎಂದು ನಾನು ಯಾರಿಗೂ ಹೇಳುವವನಲ್ಲ. 1987ರಿಂದ ಅದು ಈ ರಾಜ್ಯದ ಆಡಳಿತ ಭಾಷೆ. ಈ ನೆಲದ ಅನ್ನ ಉಣ್ಣುವವರು ಈ ನೆಲದ ಮಾತು ಕಲಿಯುವುದು ನ್ಯಾಯ. ಅಲ್ಲದೆ ಅದು ಹಾಡಿನ ಭಾಷೆ. ನನಗೆ ಈಗ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದಿರುವುದು ಲೋರ್ನಾ ಬಾಯಿಯ ದನಿ. ಕ್ರಿಸ್ ಪೆರಿ ಎಂಬ ಮಡಗಾಂವಿನ ಕಡೆಯ ವಾದ್ಯಗಾರರು ಕಟ್ಟಿದ ಹಾಡುಗಳನ್ನು ಆಕೆ ಹಾಡಿದರು. ಆಮೇಲೆ ಎಷ್ಟೋ ವರ್ಷ ಹಾಡುವುದನ್ನೇ ಬಿಟ್ಟಿದ್ದು, 1995ರಲ್ಲಿ ಮತ್ತೆ ಬಂದರು. ಅವರ ಹಾಡುಗಳನ್ನೇ ಪೋಣಿಸಿ ಮಾಡಿದ 'ನಾಚೊಂಯಾ ಕುಂಪಾಸಾರ್' ಎಂಬ ಕೊಂಕಣಿ ಸಿನಿಮಾ 2015ರಲ್ಲಿ ಊರೂರಿನ ಸಭಾಂಗಣಗಳಲ್ಲಿ ತುಂಬಿ ನಡೆಯಿತು. ಲೋರ್ನಾ ಹಾಡಿದವುಗಳಲ್ಲಿ 'ಬೆಬ್ದೊ' ಎಂದು ಒಂದಿದೆ. ಬೆಬ್ದೊ ಅಂದರೆ ಕುಡುಕ. ಕುಣಿಯುವ ತಾಳ, ಕಹಳೆಗಳ ಸಡಗರ. ಮದುವೆಯಲ್ಲಿ ಬಾರಿಸಿದರೆ ಕುಡಿದವರೇ ಮೊದಲು ಎದ್ದು ಕುಣಿಯುತ್ತಾರೆ! ಒಂದು ರಾತ್ರಿ ಮಾತು ಮಾತು ಬಿಡಿಸಿ ಕೇಳಿದಾಗ ಅದು ಮನೆ ಹಾಳಾದ ಸಂಗತಿ ಎಂದು ತಿಳಿಯಿತು. ಬಟವಾಡೆಯ ಸಂಜೆ ಲೈನಿನ ಹೊರಗೆ ಕಾದು ಕುಳಿತ ಹೆಂಗಸರು ನೆನಪಾದರು. ನಿಮಗೂ ನೆನಪಾಗುತ್ತದೆ, ನಾನು ಹೇಳಬೇಕಾಗಿಲ್ಲ.

ಈ ಹಾಡಿನ ಪಕ್ಕದಲ್ಲಿ ನಾನು ಇನ್ನೊಬ್ಬ ತಾಯಿಯನ್ನು ಇಡುತ್ತೇನೆ. ಇಲ್ಲಿಂದ ದಕ್ಷಿಣಕ್ಕೆ ಕಾರವಾರ ದಾಟಿದರೆ ಅಂಕೋಲೆ. ಅಲ್ಲಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಡುಗಳು ಮಾತ್ರ ಸಾವಿರ ಸಾವಿರ ತಲೆಯಲ್ಲಿದ್ದವು. ಕುಡಿತದಿಂದ ಮನೆಯಲ್ಲಿ ಸಾವು ಕಂಡ ಆ ತಾಯಿ, ತಮ್ಮ ಕೇರಿಯಿಂದ ಸಾರಾಯಿ ಓಡಿಸಲು ಹೆಂಗಸರನ್ನು ಕಟ್ಟಿಕೊಂಡು ನಿಂತರು. ಆಕಾಶವಾಣಿಯವರು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. 2017ರಲ್ಲಿ ಪದ್ಮಶ್ರೀ ಬಂತು. ರವಿಕೆಯಿಲ್ಲದ ತಮ್ಮ ಜನರ ಉಡುಗೆಯಲ್ಲೇ, ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡ ಅವರ ಚಿತ್ರ ಪೇಪರಿನಲ್ಲಿ ನೋಡಿದ್ದೀರಿ. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ವಾರ ನಾನು ಬೇರೆ ಏನನ್ನೂ ಹಾಕಿಕೊಳ್ಳಲಿಲ್ಲ. ವಾದ್ಯವಿಲ್ಲ, ಬರಿ ದನಿ, ಹಿಂದೆ ಎಲ್ಲೋ ಕೋಳಿ ಕೂಗುತ್ತದೆ. ಲೋರ್ನಾ ಬಾಯಿ ಕಹಳೆಯ ಮಧ್ಯೆ ಹಾಡಿದ್ದನ್ನೇ ಈ ತಾಯಿ ಅಂಗಳದಲ್ಲಿ ಬದುಕಿ ತೋರಿಸಿದರು ಎಂದು ನನಗೆ ಅನ್ನಿಸಿತು.

ಈ ಎರಡು ನಾಡುಗಳ ಹಾಡು ಬೇರೆ ಬೇರೆ ಎಂದು ತಿಳಿಯಬೇಡಿ. ನೀವು ಕುಳಿತಿರುವ ಈ ಊರನ್ನೇ ತೆಗೆದುಕೊಳ್ಳಿ. ಕೊರ್ತಾಲಿಮಿನ ಹಳೆಯ ಹೆಸರು ಕುಶಸ್ಥಲಿ. ಮಂಗೇಶ ದೇವರ ಗುಡಿ ಇದ್ದದ್ದು ಇಲ್ಲಿ. 1560ರಲ್ಲಿ, ಪೋರ್ಚುಗೀಸರ ಬಲವಂತದ ಕಾಲದಲ್ಲಿ, ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಪ್ರಿಯೋಳಕ್ಕೆ ಒಯ್ದರು. ನಾವು ಕ್ರೈಸ್ತರು ಇದನ್ನು ಮುಚ್ಚಿಟ್ಟು ಮಾತಾಡಬಾರದು. ಆ ಹೊಸ ಜಾಗವೇ ಮಂಗೇಶಿ. 1900ರಲ್ಲಿ ಅಲ್ಲಿ ಹುಟ್ಟಿದ ದೀನಾನಾಥರು ಊರಿನ ಹೆಸರನ್ನೇ ಇಟ್ಟುಕೊಂಡು ಮಂಗೇಶ್ಕರರಾದರು. ಅವರ ಮಗಳು ಲತಾ. ಇಂದೋರಿನಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ಬೆಳಗಿ, 2022ರಲ್ಲಿ ತೀರಿಕೊಂಡ ಆ ತಾಯಿಯ ಹೆಸರಿನ ಬೇರು ಹುಡುಕಿದರೆ ಈ ಹೊಳೆಯ ದಂಡೆಗೇ ಬಂದು ಮುಟ್ಟುತ್ತದೆ. ಲತಾ ಕನ್ನಡದಲ್ಲೂ ಹಾಡಿದ್ದಾರೆ, 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ. ಬೆಳಗಾಗುವುದರ ಮೇಲಿನ ಹಾಡು. ಕನ್ನಡ ಅವರ ಬಾಯಲ್ಲಿ ಸ್ವಲ್ಪ ಮೆತ್ತಗಾಗಿದೆ, ಆದರೆ ಬೆಳಗು ಬೆಳಗೇ.

ಇನ್ನೊಂದು ಉದಾಹರಣೆ ಘುಮಟ. ಮಣ್ಣಿನ ಕೊಡದ ಬಾಯಿಗೆ ಚರ್ಮ ಬಿಗಿದು ಬಾರಿಸುವ ವಾದ್ಯ. ಇಲ್ಲಿ ಹಿಂದೂಗಳ ಆರತಿಗೂ ಅದೇ, ಕ್ರೈಸ್ತರ ಮಾಂಡೊ ಹಾಡಿಗೂ ಅದೇ. ಮೊದಲು ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯಿಂದ ಉಡ ಕೊಲ್ಲುವುದು ಅಪರಾಧವಾಯಿತು. ಈಗ ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಇದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಸಾರಿತು. ನಿಮ್ಮಲ್ಲಿ ಘಟ್ಟದ ಕೆಳಗಿನಿಂದ ತೋಟಕ್ಕೆ ಬಂದವರು ಇದನ್ನು ನೋಡಿದ ಕೂಡಲೇ 'ಇದು ನಮ್ಮ ಕುಡುಬಿಯವರ ಗುಮಟೆಯಲ್ಲವೇ' ಎನ್ನುತ್ತೀರಿ. ಹೌದು, ಅದೇ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಓಡಿ ಉಡುಪಿ, ಕುಂದಾಪುರದ ಕಡೆ ನೆಲೆಸಿದ ಕುಡುಬಿಯವರು ಹೋಳಿಯ ದಿನಗಳಲ್ಲಿ ಇಂದಿಗೂ ಗುಮಟೆ ಬಾರಿಸಿ ಕೊಂಕಣಿ ಹಾಡು ಹೇಳಿ ಕುಣಿಯುತ್ತಾರೆ. ಅಂದರೆ ಕೂಲಿಯವರು ಓಡಿದಾಗ ಹೊಲ ಬಿಟ್ಟರು, ಮನೆ ಬಿಟ್ಟರು, ಮಡಕೆಯೊಂದನ್ನು ಬಿಡಲಿಲ್ಲ. ಕನ್ನಡ ನಾಡಿನಲ್ಲಿ ನೂರಾರು ವರ್ಷ ಇದ್ದೂ ಅವರು ತಮ್ಮ ಹಾಡು ಇಟ್ಟುಕೊಂಡರು, ಕನ್ನಡವನ್ನೂ ಕಲಿತರು. ಆ ಎಂಟನೇ ತರಗತಿಯ ಹುಡುಗಿಗೆ ನಾನು ಈ ಸಂಗತಿಯನ್ನು ಹೇಳಿದೆ. 'ಹೌದಾ ಅಂಕಲ್' ಎಂದಷ್ಟೇ ಅಂದಳು.

ಮಂಗಳೂರಿನ ಕೊಂಕಣಿಯ ಹಾಡುಗಳೂ ನಮ್ಮ ಲೈನುಗಳಿಗೆ ಹೊಸವಲ್ಲ. ವಿಲ್ಫಿ ರೆಬಿಂಬಸರ ಹಾಡು ಬಾರದ ಕೊಂಕಣಿ ಮದುವೆ ಉಂಟೇ? ಅವರು 2010ರಲ್ಲಿ ಹೋದರು. ಗೋವೆಯವರಿಗೆ ಆಲ್ಫ್ರೆಡ್ ರೋಸ್ ಹೇಗೋ ಅಲ್ಲಿಯವರಿಗೆ ವಿಲ್ಫಿ ಹಾಗೆ. 2008ರ ಜನವರಿಯಲ್ಲಿ ಮಂಗಳೂರಿನ ಮಾಂಡ್ ಸೊಭಾಣ್‌ನವರು 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಯ ಹುಚ್ಚು ನನಗೆ ಅಷ್ಟಿಲ್ಲ. ಆದರೆ 40 ಗಂಟೆಗೆ ಸಾಲುವಷ್ಟು ಹಾಡು ಜನರ ಬಾಯಲ್ಲಿ ಇತ್ತಲ್ಲ, ಅದು ದೊಡ್ಡದು.

ಇನ್ನು ಪೂಜೆಯ ಹಾಡಿನ ಮಾತು. 1963ರಲ್ಲಿ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆದ ಮೇಲೆಯೇ ನಮಗೆ ಕನ್ನಡದ ಪೂಜೆ ಸಿಕ್ಕಿದ್ದು. ಪ್ರೊಟೆಸ್ಟೆಂಟ್ ಬಂಧುಗಳು ನಮಗಿಂತ ಎಷ್ಟೋ ಮುಂದೆ. ನಿಘಂಟಿನ ಕಿಟ್ಟೆಲ್ ಸಾಹೇಬರು 1862ರಲ್ಲೇ ಯೇಸುವಿನ ಜೀವನವನ್ನು 'ಕಥಾಮಾಲೆ' ಎಂದು ಕನ್ನಡದ ಹಾಡುಗಬ್ಬದಲ್ಲಿ ಬರೆದವರು. ಇಲ್ಲಿ ತಪಸ್ಸುಕಾಲದಲ್ಲಿ ಮೊಟೆಟ್ ಎಂಬ ಲ್ಯಾಟಿನ್ ಹಾಡುಗಳನ್ನು ಪಿಟೀಲು, ಕ್ಲಾರಿನೆಟ್ ಜೊತೆ ಹಾಡುತ್ತಾರೆ. ಶಿಲುಬೆಯ ಮೆರವಣಿಗೆಯಲ್ಲಿ ಅದು ಕೇಳಿಸಿದಾಗ ಅರ್ಥವಾಗದಿದ್ದರೂ ಮೈ ಜುಮ್ಮೆನ್ನುತ್ತದೆ. ಅರ್ಥವಾಗದ ಹಾಡು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಅರ್ಥ ಬೇಕೇ ಬೇಕಾದ ಗಳಿಗೆಯೂ ಒಂದಿರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮವನೊಬ್ಬ, ಮೂವತ್ತೆರಡು ವರ್ಷದ ಹುಡುಗ, ಕಟ್ಟಡದ ಸಾರುವೆಯಿಂದ ಬಿದ್ದು ತೀರಿಕೊಂಡ. ಯಾವ ಕಟ್ಟಡ, ಯಾವ ಕಂತ್ರಾಟುದಾರ ಎಂಬುದು ಈ ಸಂಜೆಯ ಮಾತಲ್ಲ. ಪರಿಹಾರದ ಕಾಗದಪತ್ರ ಯೂನಿಯನ್‌ನವರು ನೋಡಿಕೊಂಡರು. ಮಣ್ಣಿಗೆ ಇಲ್ಲಿನ ಗಾಯನ ಮಂಡಳಿಯವರು ಬಂದರು. ಕೂಲಿಯವನ ಮಣ್ಣಿಗೆ ಯಾರೂ ಕರೆಯದೆ, ಕೆಲಸ ಬಿಟ್ಟು ಬಂದರು. ಅದನ್ನು ನಾನು ಮರೆಯುವುದಿಲ್ಲ. ಎರಡು ಕೊಂಕಣಿ ಹಾಡುಗಳನ್ನು ಎಷ್ಟು ಮೃದುವಾಗಿ ಹಾಡಿದರೆಂದರೆ ನಿಂತವರೆಲ್ಲ ಕಣ್ಣೊರೆಸಿಕೊಂಡರು. ಅವನ ಹೆಂಡತಿ ಮಾತ್ರ ಕಲ್ಲಿನ ಹಾಗೆ ಕುಳಿತಿದ್ದಳು. ಊರಿನಿಂದ ಬಂದು ಮೂರು ತಿಂಗಳಾಗಿತ್ತು, ಆ ಭಾಷೆಯ ಒಂದಕ್ಷರ ಅವಳಿಗೆ ತಿಳಿಯದು. ಆಮೇಲೆ ಸತ್ತವನ ಅತ್ತೆ, ತೋಟದಲ್ಲಿ ಚಿಗುರು ತೆಗೆಯುವ ಕೆಲಸ ಮಾಡಿ ಮುದುಕಿಯಾದವರು, ಹಿಂದಿನಿಂದ ಕನ್ನಡದ ಒಂದು ಹಾಡನ್ನು ಎತ್ತಿಕೊಂಡರು. ದನಿ ಒಡೆದಿತ್ತು, ಶ್ರುತಿ ಸರಿಯಿರಲಿಲ್ಲ. ಎರಡನೆಯ ಸಾಲಿಗೆ ಆ ಹುಡುಗಿ ಕೂಗಿ ಅತ್ತಳು. ಅಷ್ಟು ಹೊತ್ತು ಒಳಗೇ ನಿಂತಿದ್ದದ್ದು ಹೊರಬಂತು. ಗಾಯನ ಮಂಡಳಿಯ ಪಿಟೀಲಿನವರು ಎರಡು ನಿಮಿಷ ಸುಮ್ಮನೆ ಕೇಳಿ, ಆ ಒಡೆದ ದನಿಯ ಶ್ರುತಿ ಹುಡುಕಿಕೊಂಡು, ಮೆಲ್ಲಗೆ ಜೊತೆ ಬಾರಿಸಿದರು. ಕನ್ನಡ ಗೊತ್ತಿಲ್ಲದವರು.

ಆ ಹಾಡು ಯಾವ ಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ. ಆ ಅಜ್ಜಿ ಊರಿಗೆ ಹೋದ ಮರುವರ್ಷವೇ ತೀರಿಕೊಂಡರು. ಹೀಗೆ ಹೋದ ಹಾಡುಗಳು ಎಷ್ಟೋ. 1931ರಲ್ಲಿ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ತ್ರಿಪದಿಗಳನ್ನು ಬರೆದುಕೊಂಡು 'ಗರತಿಯ ಹಾಡು' ಎಂದು ಅಚ್ಚು ಹಾಕಿಸದಿದ್ದರೆ, ಗಿರಣಿ ಬಂದ ಮೇಲೆ ಅವೂ ಹೋಗುತ್ತಿದ್ದವು. ತೋಟದ ಲೈನಿನಲ್ಲಿ ತುಳುವಿನ ಪಾಡ್ದನ ಹೇಳುವವರು ಇದ್ದಾರೆ, ತಮಿಳಿನ ತಾಲಾಟ್ಟು ಹೇಳುವವರು ಇದ್ದಾರೆ, ಲಂಬಾಣಿ ಹಾಡಿನವರು ಇದ್ದಾರೆ. ಅವರ ಹತ್ತಿರ ಯಾರು ಕುಳಿತಿದ್ದಾರೆ?

ಈಗ ಪ್ರತಿ ಮನೆಯಲ್ಲಿ ಫೋನ್ ಇದೆ. ಆದ್ದರಿಂದ ನಿಮ್ಮ ಮಕ್ಕಳಿಗೆ ನನ್ನದೊಂದು ಕೆಲಸ. ಊಟ ಆದ ಮೇಲೆ, ಟಿ.ವಿ. ಆರಿಸಿ, ಫ್ಯಾನೂ ನಿಲ್ಲಿಸಿ, ಅಜ್ಜಿಯ ಪಕ್ಕ ಫೋನ್ ಇಟ್ಟು ಹಾಡಿಸಿ. ಮೊದಲು ಅವರನ್ನು ಕೇಳಿ, ಒಪ್ಪಿದರೆ ಮಾತ್ರ. ಹಾಡಿನ ಮುಂಚೆ ಹೆಸರು, ಹುಟ್ಟಿದ ಊರು, ಯಾರಿಂದ ಕಲಿತದ್ದು ಎಂದು ಅವರ ಬಾಯಿಂದಲೇ ಹೇಳಿಸಿ. ಮಧ್ಯದಲ್ಲಿ ಮರೆತರೆ ಅವಸರ ಮಾಡಬೇಡಿ. ಕೆಮ್ಮಿದರೂ ಇರಲಿ. ಒಂದೇ ಫೋನಿನಲ್ಲಿ ಇಡಬೇಡಿ, ಅದು ನೀರಿಗೆ ಬಿದ್ದರೆ ಹಾಡೂ ಮುಳುಗಿತು. ಇನ್ನೊಬ್ಬರ ಫೋನಿಗೂ ಕಳಿಸಿ, ಮಾತನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಅಜ್ಜಿ ಬೇಡವೆಂದರೆ ಊರಿಗೆಲ್ಲ ಹಂಚಬೇಡಿ.

ಹಾಡಿದರೆ ಏನು ಸಿಗುತ್ತದೆ ಎಂದು ಹುಡುಗರು ಕೇಳುತ್ತಾರೆ. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಹನುಮಂತ ಎಂಬ ಲಂಬಾಣಿ ಹುಡುಗ ಕುರಿ ಕಾಯುತ್ತ ಹಾಡುತ್ತಿದ್ದವನು, ಟಿ.ವಿ.ಯ 'ಸರಿಗಮಪ'ಕ್ಕೆ ಹೋಗಿ ಎರಡನೆಯವನಾಗಿ ಬಂದ. 2025ರ ಜನವರಿಯಲ್ಲಿ 'ಬಿಗ್ ಬಾಸ್'ನಲ್ಲೂ ಗೆದ್ದ. ಜುವಾರಿನಗರದ ಕಡೆ ಲಂಬಾಣಿ ಹುಡುಗರು ಅವತ್ತು ಪಟಾಕಿ ಹೊಡೆದರು. ನನಗೆ ಇಷ್ಟವಾದದ್ದು ಗೆದ್ದದ್ದಲ್ಲ. ಮೊದಲ ಸಲ ದೀಪಗಳ ಮಧ್ಯೆ ನಿಂತಾಗಲೂ ಅವನು ತನ್ನ ಊರಿನ ಮಾತನ್ನು ಬದಲಾಯಿಸಲಿಲ್ಲ, ಅದು.

ನಾನು ಬಹಳ ಹೊತ್ತು ತೆಗೆದುಕೊಂಡೆ. ಚಹಾ ಆರುತ್ತಿದೆ. ಕಳಸದ ಕಡೆಯ ತೋಟದಿಂದ ಬಂದಿರುವ ನಮ್ಮ ಕುಡುಬಿ ಅಕ್ಕ ಒಬ್ಬರು ಒಂದು ಹೋಳಿ ಹಾಡು ಹೇಳುತ್ತೇನೆಂದು ಒಪ್ಪಿದ್ದಾರೆ, ಇಲ್ಲಿಯ ಹುಡುಗನೊಬ್ಬ ಘುಮಟ ತಂದಿದ್ದಾನೆ. ಇಬ್ಬರೂ ಈವರೆಗೆ ಒಟ್ಟಿಗೆ ಬಾರಿಸಿದವರಲ್ಲ. ಹಿಂದಿನ ಬೆಂಚಿನವರು ಫೋನುಗಳನ್ನು ಸದ್ದು ಮಾಡದ ಹಾಗೆ ಇಟ್ಟುಕೊಳ್ಳಿ. ಅಕ್ಕಾ, ಮುಂದೆ ಬನ್ನಿ.